ಬಿಳಿ ಇಪ್ಪತ್ತೊಂದು, ಕಂದು ಏಳು: ಸಂಯುಕ್ತ ಗರ್ಭನಿರೋಧಕ ಮಾತ್ರೆಯ ಸರಿಯಾದ ಬಳಕೆ

ಗರ್ಭನಿರೋಧಕ ಮಾತ್ರೆಯ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಎರಡು. ಮೊದಲನೆಯದು, "ನಿನ್ನೆ ಒಂದು ಮಾತ್ರೆ ಮರೆತೆ, ಈಗ ಏನು ಮಾಡಲಿ?" ಎರಡನೆಯದು, "ಸ್ಟ್ರಿಪ್ ಮುಗಿಯಿತು, ಆದರೆ ಮುಟ್ಟು ಇನ್ನೂ ನಿಂತಿಲ್ಲ, ಪೂರ್ತಿ ನಿಂತ ಮೇಲೆ ಹೊಸದನ್ನು ಶುರು ಮಾಡಲೇ?" ಮೊದಲ ಪ್ರಶ್ನೆಯನ್ನು ಗಾಬರಿಯಿಂದ ಕೇಳುತ್ತಾರೆ, ಎರಡನೆಯದನ್ನು ನಿರಾಳವಾಗಿ. ನಿಜವಾಗಿ ನೋಡಿದರೆ ಗಾಬರಿಯಾಗಬೇಕಾದದ್ದು ಎರಡನೆಯದಕ್ಕೆ. ಅದೇಕೆ ಎಂಬುದು ತಿಳಿದರೆ ಈ ಮಾತ್ರೆಯ ಬಳಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ತಿಳಿದಂತೆ. ಆದ್ದರಿಂದ ಅಲ್ಲಿಂದಲೇ ಆರಂಭಿಸೋಣ.

ಸಂಯುಕ್ತ ಮಾತ್ರೆ ಎಂದರೆ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನುಗಳು ಕೂಡಿರುವ ಮಾತ್ರೆ. ನಮ್ಮ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುವ ಮಾಲಾ-ಎನ್ ಇದೇ ಬಗೆಯದು. ಅದರ ಒಂದು ಸ್ಟ್ರಿಪ್‌ನಲ್ಲಿ 28 ಮಾತ್ರೆಗಳಿರುತ್ತವೆ. 21 ಬಿಳಿ ಮಾತ್ರೆಗಳಲ್ಲಿ ತಲಾ 0.15 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ (ಇದು ಪ್ರೊಜೆಸ್ಟಿನ್) ಮತ್ತು 0.03 ಮಿಲಿಗ್ರಾಂ ಎಥಿನೈಲ್ ಈಸ್ಟ್ರಡಯೋಲ್ (ಇದು ಈಸ್ಟ್ರೋಜನ್) ಇರುತ್ತದೆ. ಉಳಿದ 7 ಕಂದು ಮಾತ್ರೆಗಳಲ್ಲಿ ಇರುವುದು ಕಬ್ಬಿಣಾಂಶ ಮಾತ್ರ, ಹಾರ್ಮೋನು ಇಲ್ಲ. ಖಾಸಗಿ ಅಂಗಡಿಗಳಲ್ಲಿ ಸಿಗುವ ಕೆಲವು ಸ್ಟ್ರಿಪ್‌ಗಳಲ್ಲಿ ಬರೀ 21 ಮಾತ್ರೆ ಇರುತ್ತದೆ, ಇನ್ನು ಕೆಲವದರಲ್ಲಿ 24 ಹಾರ್ಮೋನು ಮಾತ್ರೆ ಮತ್ತು 4 ಖಾಲಿ ಮಾತ್ರೆ ಇರುತ್ತವೆ. ನಿಮ್ಮ ಕೈಯಲ್ಲಿರುವುದು ಯಾವುದು ಎಂಬುದನ್ನು ಮೊದಲ ದಿನವೇ ಎಣಿಸಿ ನೋಡಿಕೊಳ್ಳಿ. ಈ ಲೇಖನದಲ್ಲಿ ಲೆಕ್ಕವೆಲ್ಲ ಮಾಲಾ-ಎನ್ ಮಾದರಿಯ ಸ್ಟ್ರಿಪ್‌ನದು.

ಬಿಳಿ ಮಾತ್ರೆಯ ಮುಖ್ಯ ಕೆಲಸ ಅಂಡಾಶಯವನ್ನು ನಿದ್ದೆಯಲ್ಲಿಡುವುದು, ಅಂದರೆ ಪ್ರತಿ ತಿಂಗಳು ಅಂಡಾಣು ಬಿಡುಗಡೆಯಾಗದಂತೆ ತಡೆಯುವುದು. ಅದರ ಜೊತೆಗೆ ಗರ್ಭಕೊರಳಿನ ಲೋಳೆಯನ್ನು ಗಟ್ಟಿಯಾಗಿಸಿ ವೀರ್ಯಾಣುಗಳು ಒಳಗೆ ಹೋಗದಂತೆಯೂ ಅದು ನೋಡಿಕೊಳ್ಳುತ್ತದೆ. ಸತತವಾಗಿ ಏಳು ಬಿಳಿ ಮಾತ್ರೆ ಹೊಟ್ಟೆಗೆ ಹೋದರೆ ಅಂಡಾಶಯ ಸುಮ್ಮನಾಗುತ್ತದೆ. ಏಳು ದಿನ ಹಾರ್ಮೋನು ಸಿಗದಿದ್ದರೂ ಅದು ಪೂರ್ತಿ ಎಚ್ಚರವಾಗುವುದಿಲ್ಲ. ಎಂಟನೆಯ, ಒಂಬತ್ತನೆಯ ದಿನವೂ ಸಿಗದೆ ಹೋದರೆ ಅದು ಕಣ್ಣು ಬಿಡತೊಡಗುತ್ತದೆ. ಕಂದು ಮಾತ್ರೆಯ ವಾರ ಅಂಡಾಶಯಕ್ಕೆ ಕೊಡಬಹುದಾದ ಅತಿ ದೊಡ್ಡ ಬಿಡುವು ಎಂದು ತಿಳಿಯಿರಿ, ಅದಕ್ಕೆ ಇನ್ನೊಂದು ದಿನವನ್ನೂ ಸೇರಿಸಬಾರದು. ಮುಟ್ಟು ನಿಲ್ಲಲಿ ಎಂದು ಕಾಯುವುದು ಆ ಬಿಡುವನ್ನು ತಾನಾಗಿಯೇ ಉದ್ದ ಮಾಡಿದಂತೆ. ಸ್ರಾವ ಆಗುತ್ತಿದ್ದರೂ ಸರಿಯೇ, ಆಗದಿದ್ದರೂ ಸರಿಯೇ, ಹೊಸ ಸ್ಟ್ರಿಪ್ ಮರುದಿನವೇ ಶುರುವಾಗಬೇಕು.

ಒಂದು ಲೆಕ್ಕ ಗೊತ್ತಿರಲಿ: ಒಂದನ್ನೂ ತಪ್ಪದೆ ನುಂಗುವ ಸಾವಿರ ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು ಮೂವರು ಗರ್ಭಿಣಿಯಾಗುತ್ತಾರೆ. ಆದರೆ ನಿತ್ಯಜೀವನದಲ್ಲಿ ಮರೆವು, ಊರು, ಕಾಯಿಲೆ ಎಲ್ಲವೂ ಸೇರಿದಾಗ ಅದು ನೂರಕ್ಕೆ ಏಳರವರೆಗೆ ಏರುತ್ತದೆ. ಈ ವ್ಯತ್ಯಾಸವನ್ನು ಕಡಿಮೆ ಮಾಡುವುದೇ ಮುಂದಿನ ಹಂತಗಳ ಉದ್ದೇಶ.

ಹಂತ 1: ಈ ಮಾತ್ರೆ ನಿಮಗೆ ಹೊಂದುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ

ಬಹುಪಾಲು ಆರೋಗ್ಯವಂತ ಮಹಿಳೆಯರಿಗೆ ಈ ಮಾತ್ರೆ ಸುರಕ್ಷಿತ. ಆದರೆ ಇದರಲ್ಲಿರುವ ಈಸ್ಟ್ರೋಜನ್ ರಕ್ತ ಹೆಪ್ಪುಗಟ್ಟುವ ಗುಣವನ್ನು ಸ್ವಲ್ಪ ಹೆಚ್ಚಿಸುತ್ತದೆ. ಮಾತ್ರೆ ಬಳಸದ ಹತ್ತು ಸಾವಿರ ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು ಇಬ್ಬರಿಗೆ ರಕ್ತನಾಳದಲ್ಲಿ ಹೆಪ್ಪು ಕಟ್ಟಿಕೊಂಡರೆ, ಲೆವೊನಾರ್ಜೆಸ್ಟ್ರೆಲ್ ಇರುವ ಸಂಯುಕ್ತ ಮಾತ್ರೆ ಬಳಸುವವರಲ್ಲಿ ಆ ಸಂಖ್ಯೆ ಐದರಿಂದ ಏಳು. ಡ್ರೋಸ್ಪಿರೆನೋನ್ ಅಥವಾ ಡೆಸೊಜೆಸ್ಟ್ರೆಲ್ ಎಂಬ ಬೇರೆ ಪ್ರೊಜೆಸ್ಟಿನ್ ಇರುವ ಮಾತ್ರೆಗಳಲ್ಲಿ ಒಂಬತ್ತರಿಂದ ಹನ್ನೆರಡು. ಬಸುರಿಯಲ್ಲಿ ಮತ್ತು ಬಾಣಂತನದಲ್ಲಿ ಈ ಅಪಾಯ ಇದಕ್ಕಿಂತಲೂ ಹೆಚ್ಚು ಎಂಬುದನ್ನು ಜೊತೆಗಿಟ್ಟು ನೋಡಿದರೆ ಅನಗತ್ಯ ಹೆದರಿಕೆ ಬೇಡವೆಂದು ತಿಳಿಯುತ್ತದೆ. ಆದರೆ ಕೆಲವರಲ್ಲಿ ಈ ಸಣ್ಣ ಏರಿಕೆಯೇ ದೊಡ್ಡ ಅಪಾಯವಾಗಬಲ್ಲದು.

ಕೆಳಗಿನ ಯಾವುದೊಂದು ನಿಮಗೆ ಅನ್ವಯಿಸಿದರೂ ಮಾತ್ರೆಯನ್ನು ನೀವೇ ಅಂಗಡಿಯಿಂದ ತಂದು ಆರಂಭಿಸಬೇಡಿ. ವೈದ್ಯರಿಗೆ ತಿಳಿಸಿ, ಬೇರೆ ವಿಧಾನ ಕೇಳಿ:

• ಹೆರಿಗೆಯಾಗಿ ಆರು ತಿಂಗಳಾಗಿಲ್ಲ ಮತ್ತು ಮಗುವಿಗೆ ಎದೆಹಾಲು ಕುಡಿಸುತ್ತಿದ್ದೀರಿ.
• ವಯಸ್ಸು 35 ಅಥವಾ ಹೆಚ್ಚು, ಮತ್ತು ಬೀಡಿ ಅಥವಾ ಸಿಗರೇಟು ಸೇದುತ್ತೀರಿ.
• ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಿದೆ.
• ಕಾಲಿನ ರಕ್ತನಾಳದಲ್ಲಾಗಲಿ ಶ್ವಾಸಕೋಶದಲ್ಲಾಗಲಿ ಎಂದಾದರೂ ರಕ್ತ ಹೆಪ್ಪುಗಟ್ಟಿತ್ತು. ಅಥವಾ ಹೃದಯಾಘಾತ, ಪಾರ್ಶ್ವವಾಯು, ಹೃದಯದ ಕವಾಟದ ತೊಂದರೆ ಇದೆ.
• ಅರೆತಲೆನೋವು, ಅಂದರೆ ಮೈಗ್ರೇನ್ ಇದೆ. ನೋವು ಶುರುವಾಗುವ ಮೊದಲು ಕಣ್ಣೆದುರು ಹೊಳೆಯುವ ಅಂಕುಡೊಂಕು ಗೆರೆಗಳು ಕಾಣುವವರು, ಮುಖ ಅಥವಾ ಕೈ ಜೋಮು ಹಿಡಿಯುವವರು ಇದನ್ನು ಬಳಸಲೇಬಾರದು.
• ಸ್ತನ ಕ್ಯಾನ್ಸರ್, ಯಕೃತ್ತಿನ ಗಂಭೀರ ಕಾಯಿಲೆ, ಈಗಷ್ಟೇ ಬಂದ ಕಾಮಾಲೆ, ಅಥವಾ ಬಹಳ ವರ್ಷಗಳಿಂದ ಇದ್ದು ಕಣ್ಣಿಗೋ ಮೂತ್ರಪಿಂಡಕ್ಕೋ ತಾಕಿರುವ ಸಕ್ಕರೆ ಕಾಯಿಲೆ ಇದೆ.
• ಕ್ಷಯಕ್ಕೆ ರಿಫಾಂಪಿಸಿನ್ ಇರುವ ಚಿಕಿತ್ಸೆ ಅಥವಾ ಫಿಟ್ಸ್‌ಗೆ ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟೋನ್ ಮಾತ್ರೆ ನಡೆಯುತ್ತಿದೆ. ಈ ಔಷಧಗಳು ಯಕೃತ್ತಿನಲ್ಲಿ ಹಾರ್ಮೋನನ್ನು ಬೇಗ ಕರಗಿಸಿ ಮಾತ್ರೆಯ ಬಲ ಕುಗ್ಗಿಸುತ್ತವೆ. ಫಿಟ್ಸ್‌ಗೆ ಲ್ಯಾಮೊಟ್ರಿಜಿನ್ ತೆಗೆದುಕೊಳ್ಳುವವರ ವಿಷಯ ತಿರುವುಮುರುವು. ಇಲ್ಲಿ ಗರ್ಭನಿರೋಧಕ ಮಾತ್ರೆಯೇ ಫಿಟ್ಸ್ ಔಷಧದ ಬಲ ಕುಗ್ಗಿಸುತ್ತದೆ.

ಶೀತ, ಜ್ವರ, ಹಲ್ಲುನೋವಿಗೆ ಬರೆದುಕೊಡುವ ಸಾಮಾನ್ಯ ಆಂಟಿಬಯಾಟಿಕ್‌ಗಳಿಂದ ಈ ಮಾತ್ರೆಗೆ ತೊಂದರೆಯಿಲ್ಲ. ಆ ಬಗ್ಗೆ ಹಬ್ಬಿರುವ ಭಯಕ್ಕೆ ಆಧಾರವಿಲ್ಲ.

ಎದೆಹಾಲಿನ ವಿಷಯದಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಡುವ ಹೊತ್ತಿಗೆ ಎಷ್ಟೋ ಮಂದಿ ಈ ಮಾತ್ರೆಯನ್ನೇ ಕೇಳಿಕೊಂಡು ಬರುತ್ತಾರೆ. ಆಗ ಮಗುವಿಗೆ ಮೂರೋ ನಾಲ್ಕೋ ತಿಂಗಳು. ಆ ಅವಧಿಗೆ ಕಾಪರ್-ಟಿ, ವಾರದ ಲೆಕ್ಕದಲ್ಲಿ ತೆಗೆದುಕೊಳ್ಳುವ ಛಾಯಾ ಮಾತ್ರೆ, ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಅಂತರಾ ಚುಚ್ಚುಮದ್ದು ಇವುಗಳಲ್ಲಿ ಒಂದನ್ನು ಆರೋಗ್ಯ ಕೇಂದ್ರದಲ್ಲಿ ಕೇಳಿ ಪಡೆಯಿರಿ. ಛಾಯಾದಲ್ಲಿ ಹಾರ್ಮೋನು ಇಲ್ಲ, ಅದನ್ನು ನುಂಗುವ ಕ್ರಮವೂ ಪೂರ್ತಿ ಬೇರೆ. ಅದರ ನಿಯಮವನ್ನು ಇದಕ್ಕೆ, ಇದರದನ್ನು ಅದಕ್ಕೆ ಬೆರೆಸಬೇಡಿ.

ಆರಂಭಿಸುವ ಮೊದಲು ಕಡ್ಡಾಯವಾಗಿ ಆಗಬೇಕಾದ ಪರೀಕ್ಷೆ ಒಂದೇ: ರಕ್ತದೊತ್ತಡ ನೋಡಿಸಿಕೊಳ್ಳುವುದು. ಉಪಕೇಂದ್ರದ ಸಿಸ್ಟರ್ ಇದನ್ನು ಐದು ನಿಮಿಷದಲ್ಲಿ ಮಾಡುತ್ತಾರೆ. ಆಶಾ ಕಾರ್ಯಕರ್ತೆ ಮನೆಗೇ ಮಾತ್ರೆ ತಂದುಕೊಟ್ಟರೂ ಈ ಪರೀಕ್ಷೆಯನ್ನು ಬಿಡಬೇಡಿ.

ಹಂತ 2: ಯಾವ ದಿನ ಶುರು ಮಾಡಬೇಕು

ಮುಟ್ಟಾದ ಮೊದಲ ದಿನದಿಂದ ಐದನೆಯ ದಿನದೊಳಗೆ ಮೊದಲ ಬಿಳಿ ಮಾತ್ರೆ ನುಂಗಿದರೆ ಅಂದಿನಿಂದಲೇ ರಕ್ಷಣೆ ಸಿಗುತ್ತದೆ. ಐದು ದಿನ ದಾಟಿದ್ದರೂ ಗರ್ಭ ನಿಂತಿಲ್ಲವೆಂಬುದು ಖಚಿತವಿದ್ದರೆ ಯಾವ ದಿನವಾದರೂ ಶುರು ಮಾಡಬಹುದು. ಆದರೆ ಮೊದಲ ಏಳು ದಿನ ಕಾಂಡೋಮ್ ಬಳಸಬೇಕು, ಅಥವಾ ದೂರವಿರಬೇಕು. ಗರ್ಭಪಾತವಾಗಿದ್ದರೆ ಏಳು ದಿನದೊಳಗೆ ಆರಂಭಿಸಬಹುದು, ಆಗ ಹೆಚ್ಚಿನ ರಕ್ಷಣೆ ಬೇಕಾಗುವುದಿಲ್ಲ. ಹೆರಿಗೆಯಾದ ಮೇಲೆ ಎದೆಹಾಲು ಕುಡಿಸದ ತಾಯಿ ಕನಿಷ್ಠ ಮೂರು ವಾರ ಕಾಯಬೇಕು. ಸಿಸೇರಿಯನ್ ಆಗಿದ್ದರೆ, ರಕ್ತಸ್ರಾವ ಹೆಚ್ಚಾಗಿದ್ದರೆ ಅಥವಾ ತೂಕ ಬಹಳವಿದ್ದರೆ ಆರು ವಾರ ಕಾಯುವುದು ಕ್ಷೇಮ.

ಹಂತ 3: ದಿನಚರಿಗೆ ಕಟ್ಟಿಹಾಕಿ

ದಿನವೂ ಒಂದೇ ಹೊತ್ತಿಗೆ ಒಂದು ಮಾತ್ರೆ. ರಾತ್ರಿ ಊಟವಾದ ಮೇಲೆ ನುಂಗಿದರೆ ಮೊದಲ ತಿಂಗಳುಗಳ ಓಕರಿಕೆ ಅಷ್ಟಾಗಿ ತಿಳಿಯುವುದಿಲ್ಲ. ಸ್ಟ್ರಿಪ್ ಹಿಂಭಾಗದ ಬಾಣದ ಗುರುತನ್ನು ಅನುಸರಿಸಿ, 21 ಬಿಳಿ ಮುಗಿದ ಮೇಲೆ 7 ಕಂದು ನುಂಗಿ. ಸ್ರಾವ ಬರುವುದು ಕಂದು ಮಾತ್ರೆಯ ದಿನಗಳಲ್ಲಿ. ಇಲ್ಲಿ ಅನುಕೂಲದ ಒಂದು ಗುಟ್ಟಿದೆ: 28 ಎಂದರೆ ಸರಿಯಾಗಿ ನಾಲ್ಕು ವಾರ. ಮೊದಲ ಸ್ಟ್ರಿಪ್ ಭಾನುವಾರ ಶುರುವಾಗಿದ್ದರೆ ಮುಂದಿನ ಪ್ರತಿಯೊಂದೂ ಭಾನುವಾರವೇ ಶುರುವಾಗುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಆ ಭಾನುವಾರಗಳಿಗೆ ಸುತ್ತು ಹಾಕಿಡಿ. ಏನೆಂದು ಬರೆಯಬೇಕಾಗಿಲ್ಲ, ಬರೀ ಸುತ್ತು ಸಾಕು. ನೋಡಿದವರು ಗ್ಯಾಸ್ ಬುಕ್ ಮಾಡಿದ ದಿನವೆಂದುಕೊಳ್ಳಲಿ.

"ಕಂದು ಮಾತ್ರೆಯಲ್ಲಿ ಹಾರ್ಮೋನು ಇಲ್ಲವಲ್ಲ, ಬಿಟ್ಟರೇನು?" ಎಂದು ಕೇಳುವವರಿದ್ದಾರೆ. ಗರ್ಭನಿರೋಧದ ಮಟ್ಟಿಗೆ ಏನೂ ಆಗುವುದಿಲ್ಲ. ಆದರೆ ರಕ್ತಹೀನತೆ ಸಾಮಾನ್ಯವಾಗಿರುವ ನಮ್ಮಲ್ಲಿ ಕಬ್ಬಿಣಾಂಶ ದಂಡವಲ್ಲ. ಅದಕ್ಕಿಂತ ಮುಖ್ಯವಾಗಿ, ದಿನವೂ ನುಂಗುವ ಅಭ್ಯಾಸ ಏಳು ದಿನ ಕಡಿದರೆ ಎಂಟನೆಯ ದಿನ ಮರೆಯುವುದು ಬಲು ಸುಲಭ. 21 ಮಾತ್ರೆಯ ಸ್ಟ್ರಿಪ್ ಬಳಸುವವರು ಇದೇ ಕಾರಣಕ್ಕೆ ಎಂಟನೆಯ ದಿನಕ್ಕೆ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳುವುದು ಒಳ್ಳೆಯದು.

ವಿದೇಶಕ್ಕೆ ಹೋಗುವವರು ಗಡಿಯಾರದ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳದೆ, ಎರಡು ಮಾತ್ರೆಗಳ ನಡುವೆ 24 ಗಂಟೆ ಮೀರದಂತೆ ನೋಡಿಕೊಂಡರೆ ಸಾಕು. ಸ್ಟ್ರಿಪ್ ಅನ್ನು ದೊಡ್ಡ ಸೂಟ್‌ಕೇಸಿನಲ್ಲಿಡದೆ ಕೈಚೀಲದಲ್ಲಿಡಿ.

ಹಂತ 4: ಮಾತ್ರೆ ತಪ್ಪಿದಾಗ

ಲೇಖನದಲ್ಲಿ ಒಂದೇ ಭಾಗವನ್ನು ಕತ್ತರಿಸಿಟ್ಟುಕೊಳ್ಳುವಿರಾದರೆ ಇದನ್ನೇ ಇಟ್ಟುಕೊಳ್ಳಿ.

ಒಂದು ಬಿಳಿ ಮಾತ್ರೆ ತಪ್ಪಿದರೆ: ನೆನಪಾದ ಕೂಡಲೇ ನುಂಗಿ. ಆ ದಿನದ ಮಾತ್ರೆಯನ್ನು ಎಂದಿನ ಹೊತ್ತಿಗೇ ನುಂಗಿ. ಒಂದೇ ದಿನ ಎರಡಾದರೂ ಚಿಂತೆಯಿಲ್ಲ. ಬೇರೆ ರಕ್ಷಣೆ ಬೇಕಿಲ್ಲ.

ಎರಡು ಅಥವಾ ಹೆಚ್ಚು ಬಿಳಿ ಮಾತ್ರೆ ತಪ್ಪಿದರೆ: ನೆನಪಾದ ಕೂಡಲೇ ಒಂದನ್ನು ಮಾತ್ರ ನುಂಗಿ, ತಪ್ಪಿಹೋದ ಉಳಿದವನ್ನು ಎಸೆಯಿರಿ, ಬಾಕಿ ತೀರಿಸುವಂತೆ ಎಲ್ಲವನ್ನೂ ಒಟ್ಟಿಗೆ ನುಂಗಬೇಡಿ. ಅಲ್ಲಿಂದ ದಿನಕ್ಕೊಂದರಂತೆ ಮುಂದುವರಿಸಿ, ಸತತ ಏಳು ಬಿಳಿ ಮಾತ್ರೆ ಆಗುವವರೆಗೆ ಕಾಂಡೋಮ್ ಬಳಸಿ. ಕೆಲವು ಮಾರ್ಗಸೂಚಿಗಳು ಮೂರು ತಪ್ಪಿದರೆ ಮಾತ್ರ ಕಾಂಡೋಮ್ ಎನ್ನುತ್ತವೆ; ನಾನು ಎರಡಕ್ಕೇ ನಿಲ್ಲಿಸುತ್ತೇನೆ, ಏಕೆಂದರೆ ಎಷ್ಟು ತಪ್ಪಿತೆಂಬ ನಮ್ಮ ಎಣಿಕೆಯೇ ಎಷ್ಟೋ ಸಲ ತಪ್ಪಿರುತ್ತದೆ. ವರ್ಷವಿಡೀ ನೆನಪಿಟ್ಟು ನುಂಗುವ ಹೊಣೆ ಹೆಂಡತಿಯದಾದರೆ ಈ ಏಳು ದಿನದ ಹೊಣೆ ಗಂಡನದು.

ಹೀಗೆ ಎರಡು ಅಥವಾ ಹೆಚ್ಚು ತಪ್ಪಿದಾಗ, ತಪ್ಪಿದ್ದು ಯಾವ ವಾರ ಎಂಬುದೂ ಮುಖ್ಯವಾಗುತ್ತದೆ. ಮೊದಲ ವಾರದಲ್ಲಿ ತಪ್ಪಿದರೆ ಕಂದು ಮಾತ್ರೆಯ ಬಿಡುವು ಮುಂದಕ್ಕೆ ಹಿಗ್ಗಿದಂತೆ. ಇದು ಅತ್ಯಂತ ಅಪಾಯದ ತಪ್ಪು. ಎರಡನೆಯ ವಾರದಲ್ಲಿ ತಪ್ಪಿದರೆ ಹಿಂದಿನ ಏಳು ಮಾತ್ರೆಗಳ ಬಲ ಇರುವುದರಿಂದ ಅಪಾಯ ಕಡಿಮೆ. ಮೂರನೆಯ ವಾರದಲ್ಲಿ ತಪ್ಪಿದರೆ ಬಿಡುವು ಹಿಂದಕ್ಕೆ ಹಿಗ್ಗುತ್ತದೆ. ಆಗ ಇರುವ ಬಿಳಿ ಮಾತ್ರೆಗಳನ್ನು ಮುಗಿಸಿ, ಕಂದು ಮಾತ್ರೆಗಳನ್ನು ಎಸೆದು, ಮರುದಿನವೇ ಹೊಸ ಸ್ಟ್ರಿಪ್‌ನ ಬಿಳಿ ಮಾತ್ರೆ ಶುರು ಮಾಡಿ. ಆ ತಿಂಗಳು ಮುಟ್ಟು ಬಾರದೆ ಹೋಗಬಹುದು, ಅದರಿಂದ ತೊಂದರೆಯಿಲ್ಲ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ರಾತ್ರಿ ಒಂಬತ್ತಕ್ಕೆ ಮಾತ್ರೆ ನುಂಗುವ ಒಬ್ಬರು ಶನಿವಾರ ಕೊನೆಯ ಕಂದು ಮಾತ್ರೆ ನುಂಗಿ, ತಂಗಿಯ ಮದುವೆಗೆಂದು ತವರಿಗೆ ಹೊರಟರು ಎನ್ನಿ. ಹೊಸ ಸ್ಟ್ರಿಪ್ ಬೀರುವಿನಲ್ಲೇ ಉಳಿಯಿತು. ಭಾನುವಾರ ಧಾರೆ, ಸೋಮವಾರ ಬೀಗರ ಊಟ, ಮಂಗಳವಾರ ಸಂಜೆ ಮನೆ. ಅವರ ಲೆಕ್ಕದಲ್ಲಿ ತಪ್ಪಿದ್ದು ಎರಡೇ ಮಾತ್ರೆ. ಅಂಡಾಶಯದ ಲೆಕ್ಕದಲ್ಲಿ ಹಾರ್ಮೋನಿಲ್ಲದ ದಿನಗಳು ಏಳಲ್ಲ, ಒಂಬತ್ತು. ಮಂಗಳವಾರ ರಾತ್ರಿ ಮೊದಲ ಬಿಳಿ ಮಾತ್ರೆ ನುಂಗಿ, ಮುಂದಿನ ಏಳು ದಿನ ಕಾಂಡೋಮ್ ಬಳಸಬೇಕು. ಕಂದು ಮಾತ್ರೆಯ ದಿನಗಳಲ್ಲಾಗಲಿ ಆಮೇಲಾಗಲಿ ಸಂಪರ್ಕವಾಗಿದ್ದರೆ ತುರ್ತು ಗರ್ಭನಿರೋಧಕ ಬೇಕೇ ಎಂದು ತಡಮಾಡದೆ ವೈದ್ಯರನ್ನೋ ಸಿಸ್ಟರನ್ನೋ ಕೇಳಬೇಕು. 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಇರುವ ತುರ್ತು ಮಾತ್ರೆಯನ್ನು ಸಂಪರ್ಕವಾದ 72 ಗಂಟೆಯೊಳಗೆ, ಎಷ್ಟು ಬೇಗವೋ ಅಷ್ಟು ಒಳ್ಳೆಯದು, ನುಂಗಬೇಕು. ಅದನ್ನು ನುಂಗಿದ ಮೇಲೂ ದಿನದ ಮಾತ್ರೆ ನಿಲ್ಲುವುದಿಲ್ಲ.

ಕಂದು ಮಾತ್ರೆ ತಪ್ಪಿದರೆ ಎಸೆದುಬಿಡಿ, ಹೊಸ ಸ್ಟ್ರಿಪ್ ಮೊದಲೇ ನಿಗದಿಯಾದ ದಿನವೇ ಶುರುವಾಗಲಿ, ಅಷ್ಟೇ.

ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಬಿಳಿ ಮಾತ್ರೆ ನುಂಗಿ. ಇದಕ್ಕೆಂದೇ ಮನೆಯಲ್ಲಿ ಒಂದು ಸ್ಟ್ರಿಪ್ ಹೆಚ್ಚಿಗೆ ಇರಲಿ. ವಾಂತಿ ಅಥವಾ ಜೋರು ಭೇದಿ ಎರಡು ದಿನ ಮೀರಿದರೆ ಎರಡು ಮಾತ್ರೆ ತಪ್ಪಿದಂತೆಯೇ ಎಂದು ಭಾವಿಸಿ.

ಹಂತ 5: ಮೊದಲ ಮೂರು ತಿಂಗಳನ್ನು ದಾಟಿ

ಓಕರಿಕೆ, ಎದೆ ಬಿಗಿತ, ಸಣ್ಣ ತಲೆನೋವು, ಬಿಳಿ ಮಾತ್ರೆಯ ದಿನಗಳಲ್ಲೇ ಚೂರು ಚೂರು ಸ್ರಾವ ಇವೆಲ್ಲ ಆರಂಭದಲ್ಲಿ ಸಾಮಾನ್ಯ, ಎರಡು ಮೂರು ತಿಂಗಳಲ್ಲಿ ತಗ್ಗುತ್ತವೆ. ಸ್ರಾವ ಕಂಡಿತೆಂದು ಮಧ್ಯದಲ್ಲಿ ಬಿಟ್ಟರೆ ಸ್ರಾವ ಇನ್ನೂ ಹೆಚ್ಚುತ್ತದೆ, ರಕ್ಷಣೆಯೂ ತಪ್ಪುತ್ತದೆ. ಮುಟ್ಟಿನ ಪ್ರಮಾಣ ಕಡಿಮೆಯಾಗುವುದು "ಕೆಟ್ಟ ರಕ್ತ ಒಳಗೇ ನಿಂತಿದೆ" ಎಂಬುದರ ಗುರುತಲ್ಲ. ಗರ್ಭಕೋಶದ ಒಳಪದರವೇ ತೆಳುವಾಗಿರುವುದರಿಂದ ಹೊರಬರುವುದೂ ಕಡಿಮೆ. ತೂಕ ಬಹಳ ಏರುತ್ತದೆ ಎಂಬ ಮಾತಿಗೂ ಸಂಶೋಧನೆಗಳಲ್ಲಿ ಗಟ್ಟಿ ಆಧಾರ ಸಿಕ್ಕಿಲ್ಲ. ಒಂದೂ ತಪ್ಪದೆ ನುಂಗಿದ್ದು ಒಂದು ತಿಂಗಳು ಮುಟ್ಟಾಗದಿದ್ದರೆ ಹೊಸ ಸ್ಟ್ರಿಪ್ ಶುರು ಮಾಡಿ. ತಪ್ಪಿದ್ದರೆ, ಅಥವಾ ಎರಡು ತಿಂಗಳು ಸತತ ಆಗದಿದ್ದರೆ ಮೂತ್ರ ಪರೀಕ್ಷೆ ಮಾಡಿಸಿ. ತಿಳಿಯದೆ ಗರ್ಭಿಣಿಯಾಗಿ ಮಾತ್ರೆ ಮುಂದುವರಿಸಿದ್ದರೆ ಮಗುವಿಗೆ ಹಾನಿಯಾಗುವುದಿಲ್ಲ, ತಿಳಿದ ಮೇಲೆ ನಿಲ್ಲಿಸಬೇಕು.

ಮೂರು ತಿಂಗಳಾದ ಮೇಲೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ರಕ್ತದೊತ್ತಡ ನೋಡಿಸಿಕೊಳ್ಳಿ.

ಆದರೆ ಕೆಳಗಿನವು ಕಂಡರೆ ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಿ: ಒಂದೇ ಕಾಲಿನ ಮೀನಖಂಡದಲ್ಲಿ ನೋವು ಮತ್ತು ಊತ, ಎದೆನೋವು, ಏದುಸಿರು, ಕೆಮ್ಮಿನಲ್ಲಿ ರಕ್ತ, ಹಿಂದೆಂದೂ ಕಾಣದಷ್ಟು ಜೋರು ತಲೆನೋವು, ಮಾತು ತೊದಲುವುದು, ಒಂದು ಬದಿ ಬಲ ಕುಂದುವುದು, ದಿಢೀರನೆ ಕಣ್ಣು ಮಂಜಾಗುವುದು, ಹೊಟ್ಟೆಯ ಮೇಲ್ಭಾಗದಲ್ಲಿ ತೀವ್ರ ನೋವು ಅಥವಾ ಕಣ್ಣು ಹಳದಿಯಾಗುವುದು. ಅಲ್ಲಿ ಮೊದಲು ಹೇಳಬೇಕಾದ ಮಾತು "ನಾನು ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ" ಎಂಬುದು. ಅತ್ತೆ ಪಕ್ಕದಲ್ಲಿದ್ದಾರೆಂಬ ಸಂಕೋಚಕ್ಕೆ ಇದನ್ನು ಮುಚ್ಚಿಟ್ಟರೆ ವೈದ್ಯರ ಅನುಮಾನ ಸರಿಯಾದ ಕಡೆಗೆ ಹರಿಯಲು ತಡವಾಗುತ್ತದೆ. ದೊಡ್ಡ ಶಸ್ತ್ರಚಿಕಿತ್ಸೆ ಗೊತ್ತಾಗಿದ್ದರೆ ನಾಲ್ಕು ವಾರ ಮೊದಲೇ ತಿಳಿಸಿ. ಬೇರೆ ವಿಧಾನಕ್ಕೆ ಬದಲಾಯಿಸುತ್ತಾರೆ.

ಹಬ್ಬ, ಗೃಹಪ್ರವೇಶ ಮತ್ತು ಮುಟ್ಟು ಮುಂದೂಡುವ ಮಾತ್ರೆ

ಇಲ್ಲಿ ಒಂದು ದೊಡ್ಡ ಗೊಂದಲವಿದೆ. ಪೂಜೆ, ಯಾತ್ರೆಗಳಿಗೆ ಮುಟ್ಟು ಮುಂದೂಡಲು ಅಂಗಡಿಯಲ್ಲಿ ಕೇಳಿ ತರುವ ಮಾತ್ರೆ ಬಹುಮಟ್ಟಿಗೆ 5 ಮಿಲಿಗ್ರಾಂನ ನಾರೆಥಿಸ್ಟೆರೋನ್. ಹೀಗೆ ಕೆಲವು ದಿನಕ್ಕೆಂದು ನುಂಗುವಾಗ ಅದನ್ನು ಗರ್ಭನಿರೋಧಕವೆಂದು ನಂಬುವಂತಿಲ್ಲ. "ಮಾತ್ರೆ ತಗೊಳ್ತಾ ಇದ್ದೆ, ಆದರೂ ಹೇಗೆ ನಿಂತಿತು?" ಎಂದು ಕೇಳುವವರಲ್ಲಿ ಕೆಲವರು ನುಂಗಿದ್ದು ಇದನ್ನೇ. ರಕ್ತ ಹೆಪ್ಪುಗಟ್ಟುವ ಅಪಾಯ ಇರುವವರಿಗೆ ಆ ಮಾತ್ರೆಯೂ ಕ್ಷೇಮವಲ್ಲ. ಸಂಯುಕ್ತ ಮಾತ್ರೆ ಬಳಸುತ್ತಿರುವವರಿಗಂತೂ ಅದರ ಅಗತ್ಯವೇ ಇಲ್ಲ: 21 ಬಿಳಿ ಮುಗಿದ ಮರುದಿನ ಕಂದು ಮಾತ್ರೆ ಬಿಟ್ಟು ಮುಂದಿನ ಸ್ಟ್ರಿಪ್‌ನ ಬಿಳಿ ಮಾತ್ರೆ ಶುರು ಮಾಡಿದರೆ ಮುಟ್ಟು ತಾನಾಗಿ ಮುಂದೆ ಹೋಗುತ್ತದೆ, ರಕ್ಷಣೆಯೂ ಮುಂದುವರಿಯುತ್ತದೆ. ಬಿಡುವನ್ನು ಉದ್ದ ಮಾಡುವುದು ಅಪಾಯ; ಬಿಡುವನ್ನೇ ಬಿಟ್ಟುಬಿಡುವುದು ಅಪಾಯವಲ್ಲ.

ಪಿಸಿಒಡಿ ಅಥವಾ ಮೊಡವೆಗೆಂದು ಬರೆದುಕೊಟ್ಟ ಹಾರ್ಮೋನು ಮಾತ್ರೆ ನುಂಗುತ್ತಿರುವವರು ಅದು ಸಂಯುಕ್ತ ಮಾತ್ರೆಯೇ ಎಂದು ಕೇಳಿ ತಿಳಿಯಿರಿ. ಹೌದಾದರೆ ಅದರ ಮೇಲೆ ಮಾಲಾ-ಎನ್ ಸೇರಿಸಿ ನುಂಗಬಾರದು. ಲೈಂಗಿಕ ಸಂಪರ್ಕದಿಂದ ಹರಡುವ ರೋಗಗಳನ್ನು, ಎಚ್‌ಐವಿಯನ್ನು ಯಾವ ಗರ್ಭನಿರೋಧಕ ಮಾತ್ರೆಯೂ ತಡೆಯುವುದಿಲ್ಲ. ಅದಕ್ಕೆ ಕಾಂಡೋಮ್ ಬೇಕು.

ಹಂತ 6: ನಿಲ್ಲಿಸುವುದು

"ಎರಡು ವರ್ಷ ತಗೊಂಡಾಯಿತು, ದೇಹಕ್ಕೆ ಮೂರು ತಿಂಗಳು ವಿಶ್ರಾಂತಿ ಕೊಡೋಣ" ಎಂಬ ಸಲಹೆ ಊರಲ್ಲೆಲ್ಲ ಸಿಗುತ್ತದೆ. ಅಂಥ ವಿಶ್ರಾಂತಿಯಿಂದ ಲಾಭವಿಲ್ಲ, ನಷ್ಟ ಎರಡಿವೆ. ಆ ಮೂರು ತಿಂಗಳಲ್ಲಿ ಗರ್ಭ ನಿಲ್ಲಬಹುದು. ಮತ್ತೆ ಶುರು ಮಾಡಿದಾಗ, ರಕ್ತ ಹೆಪ್ಪುಗಟ್ಟುವ ಅಪಾಯ ಅತಿ ಹೆಚ್ಚಿರುವ ಮೊದಲ ತಿಂಗಳುಗಳನ್ನು ಇನ್ನೊಮ್ಮೆ ಹಾಯಬೇಕಾಗುತ್ತದೆ. ತೊಂದರೆಯಿಲ್ಲದಿದ್ದರೆ ಬೇಕಾದಷ್ಟು ವರ್ಷ ಮುಂದುವರಿಸಬಹುದು. ವಯಸ್ಸು 35 ದಾಟಿದಾಗ ಮಾತ್ರ ಹಂತ 1ರ ಪಟ್ಟಿಯನ್ನು ಮತ್ತೊಮ್ಮೆ ಓದಿ, ವೈದ್ಯರೊಡನೆ ಮಾತಾಡಿ.

ಮಗು ಬೇಕೆಂದಾಗ ಕೈಯಲ್ಲಿರುವ ಸ್ಟ್ರಿಪ್ ಮುಗಿಸಿ ನಿಲ್ಲಿಸಿದರೆ ಮುಟ್ಟಿನ ಲೆಕ್ಕ ಹಿಡಿಯುವುದು ಸುಲಭ. ಮಾತ್ರೆಯಿಂದ ಬಂಜೆತನ ಬರುವುದಿಲ್ಲ. ಹೆಚ್ಚಿನವರಲ್ಲಿ ಒಂದರಿಂದ ಮೂರು ತಿಂಗಳಲ್ಲಿ ಅಂಡಾಣು ಬಿಡುಗಡೆ ಮೊದಲಿನಂತಾಗುತ್ತದೆ, ಕೆಲವರಿಗೆ ಮೊದಲ ತಿಂಗಳಲ್ಲೇ ಗರ್ಭ ನಿಲ್ಲುತ್ತದೆ. ಆದ್ದರಿಂದ ನಿಲ್ಲಿಸುವ ತಿಂಗಳಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆ ಶುರು ಮಾಡಿ. ಮಗುವಿನ ಬೆನ್ನುಹುರಿ ರೂಪುಗೊಳ್ಳುವುದು ಗರ್ಭ ನಿಂತಿದ್ದು ತಿಳಿಯುವ ಮುನ್ನವೇ. ರಾತ್ರಿ ಊಟದ ನಂತರ ಮಾತ್ರೆ ನುಂಗುವ ಅಭ್ಯಾಸ ಹೇಗೂ ಇದೆಯಲ್ಲ, ಆ ಹೊತ್ತಿಗೇ ಇದನ್ನು ತೆಗೆದುಕೊಳ್ಳಿ.